ಓಬ ಫೋನಿನಲ್ಲಿ ಹೊಲಿಗೆ ಕಲಿತದ್ದು

ಹೋಯ್ತಾ ಕರೆಂಟು? ಹೋಯ್ತು. ಇನ್ನೊಂದು ಗಂಟೆ ಬರಲ್ಲ ಬಿಡಿ. ಡಬ್ಬಗಳನ್ನ ಸಾಲಾಗಿಟ್ಟು ಕೂತ್ಕೊಳ್ರಮ್ಮ. ಏ, ಹಸಿರು ಸೀರೆಯೋಳೇ, ನಿನ್ನ ರಾಗಿ ಡಬ್ಬ ಗೋಡೆ ಹತ್ರ ಇತ್ತು, ಈಗ ಹೆಂಗೆ ಮುಂದೆ ಬಂತು? ಇಡು ಹಿಂದೆ. ಇಪ್ಪತ್ತೆರಡು ವರ್ಷ ಆಯ್ತು ಈ ಮಿಲ್ಲು ನಡೆಸೋಕೆ ಹತ್ತಿ. ಹಿಟ್ಟಿನ ಧೂಳು ಕುಡಿದು ಕುಡಿದು ಗಂಟಲು ಕೆಟ್ಟಿದೆ, ನಿಂತು ನಿಂತು ಸೊಂಟ ಬಿದ್ದಿದೆ. ಆದ್ರೂ ಸುಮ್ನೆ ಕೂರೋ ಜಾಯಮಾನ ನಂದಲ್ಲ. ಓಬನ ಕತೆ ಹೇಳ್ತೀನಿ. ಮಧ್ಯೆ ಬಾಯಿ ಹಾಕ್ಬೇಡಿ.

ಈ ಮಿಲ್ಲಿನ ಹಿಂದೆ ಶೀಟಿನ ಮನೆ ಇದೆಯಲ್ಲ, ಅಲ್ಲಿ ಸಣ್ಣತಾಯಿ ಅಂತ ಒಬ್ಬಳು. ಗಂಡ ಇಲ್ಲ. ಸೀರೆಗೆ ಫಾಲು ಹಾಕೋದು, ಪೀಕೋ ಮಾಡೋದು, ರವಿಕೆ ಹೊಲಿಯೋದು, ಅದೇ ಬದುಕು. ಅವಳಿಗೊಬ್ಬ ಮಗ ಓಬಳೇಶ. ಇಪ್ಪತ್ತಾರು ವರ್ಷ. ಆಳು ನೋಡಿದ್ರೆ ಬಾಗಿಲಿಗೆ ತಲೆ ತಾಗುತ್ತೆ. ತಲೆಯೊಳಗೆ ಮಾತ್ರ ಏನೂ ತಾಗಲ್ಲ. 'ಹಾಲು ಉಕ್ಕೋದು ನೋಡ್ತಿರು' ಅಂದ್ರೆ ನೋಡ್ತಾ ನಿಲ್ತಿದ್ದ. ಹಾಲು ಉಕ್ತಿತ್ತು, ಒಲೆ ಆರ್ತಿತ್ತು, ಇವನು ನೋಡ್ತಾನೇ ಇರ್ತಿದ್ದ. 'ಯಾಕೋ ಇಳಿಸ್ಲಿಲ್ಲ?' 'ನೋಡು ಅಂದೆ, ನೋಡ್ದೆ!' ಹಿಂಗೆ.

ಆದ್ರೆ ಒಂದು ಮಾತು ಹೇಳ್ಬೇಕು. ಅವನ ಕೈ ಪೆದ್ದಲ್ಲ. ಸೂಜಿ ಕಣ್ಣಿಗೆ ದಾರ ಹಾಕೋನು ನೋಡಿ, ಎಂಜಲು ಹಚ್ಚಲ್ಲ, ಕಣ್ಣು ಕಿರಿದು ಮಾಡಲ್ಲ, ಒಂದೇ ಸಲಕ್ಕೆ ಸರಕ್ ಅಂತ ಹೋಗ್ತಿತ್ತು. ಸಣ್ಣತಾಯಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣು ಮಂಜಾಗಿತ್ತು. ಹೊಲಿಗೆ ಬೆರಳಿಗೆ ಗೊತ್ತು, ಆದ್ರೆ ದಾರ ಹಾಕೋಕೆ ಬೆರಳು ಸಾಲದಲ್ಲ. ಅದಕ್ಕೆ ಓಬ ದಿನಾ ಬೆಳಿಗ್ಗೆ ಹನ್ನೆರಡು ಸೂಜಿಗೆ ದಾರ ಹಾಕಿ ಬಟ್ಟೆ ಉಂಡೆಗೆ ಚುಚ್ಚಿಡ್ತಿದ್ದ. ಸಂಜೆವರೆಗೂ ಅವಳ ಕೆಲಸ ಅದರಲ್ಲೇ ನಡೀಬೇಕು.

'ಪೂರ್ತಿ ಕತ್ತಲಾಗೋಕೆ ಮುಂಚೆ ಇವನ್ನ ಒಂದು ಕಡೆ ಕೂರಿಸಿಬಿಡ್ಬೇಕು ಕಣಕ್ಕ' ಅಂತ ನನ್ನ ಹತ್ರ ಹೇಳ್ತಿದ್ಲು. 'ನಾನು ಹೋದ್ಮೇಲೆ ಇವನಿಗೆ ಅನ್ನ ಯಾರು ಹಾಕ್ತಾರೆ?'

ಅಷ್ಟೊತ್ತಿಗೆ ಒಂದು ಸಂಘದವರು ನಮ್ಮೂರೂ ಸೇರಿ ಹತ್ತಾರು ಊರಲ್ಲಿ ಇಸ್ಕೂಲು ಯೂನಿಫಾರಂ ಹೊಲಿಯೋ ಕೇಂದ್ರ ತೆರೆದ್ರು. ಆರು ತಿಂಗಳು ಫೋನಿನಲ್ಲೇ ಪಾಠ. ಪಾಸಾದೋರಿಗೆ ಅವರವರ ಊರಿನ ಕೇಂದ್ರದಲ್ಲೇ ಕೆಲಸ, ಮಿಷನ್ನಿನ ಮುಂದೆ ಒಂದು ಕುರ್ಚಿ. ಅರವತ್ತು ಜನ ಸೇರಿದ್ರು, ಬೇರೆ ಬೇರೆ ಊರಿನೋರು. ನಾಲ್ಕು ನಾಲ್ಕು ಜನಕ್ಕೆ ಒಂದು ಗುಂಪು. ಪಾಸಾದ್ರೆ ನಾಲ್ಕೂ ಜನ ಪಾಸು, ಫೇಲಾದ್ರೆ ನಾಲ್ಕೂ ಜನ ಫೇಲು. ಮೂರು ಎಚ್ಚರಿಕೆ ಬಿದ್ರೆ ಇಡೀ ಗುಂಪೇ ಹೊರಗೆ. ಎಂಥಾ ಕಾನೂನು ನೋಡಿ! ಓಬನ ಜೊತೆ ಇನ್ನು ಮೂರು ಜೀವ ಕಟ್ಟಿ ಹಾಕಿದ್ರು.

ಫೋನಿಗೆ ಸಿಗ್ನಲ್ಲು ಸಿಗೋದು ಈ ಮಿಲ್ಲಿನ ಮೆಟ್ಟಿಲ ಮೇಲೆ ಮಾತ್ರ. ಹಂಗಾಗಿ ಎಲ್ಲ ನನ್ನ ಕಣ್ಣೆದುರಿಗೇ ನಡೀತು. ಸುಳ್ಳು ಅನ್ನೋರು ಡಬ್ಬ ತಗೊಂಡು ಬೇರೆ ಮಿಲ್ಲಿಗೆ ಹೋಗಿ.

ಮೊದಲನೇ ದಿನ. ಮೈಸೂರಿನ ಫಿಲೋಮಿನಾ ಮೇಡಂ ಪಾಠ ಶುರು ಮಾಡಿದ್ರು. 'ಎಲ್ಲರಿಗೂ ನಮಸ್ಕಾರ' ಅಂದ್ರು. ಓಬ ಮೈಕು ತೆಗೆದಿಟ್ಟು ಕೂತಿದ್ದ. ಮಿಲ್ಲು ಗರಗರ ಅಂತಿತ್ತು. ನಾನು ಒಳಗೆ ಯಾವಳನ್ನೋ ಬೈತಿದ್ದೆ: 'ಸಾಲು ತಪ್ಪಿಸ್ತೀಯೇನೇ, ನಿನ್ನ ಜೋಳ ಸುರಿದುಬಿಡ್ತೀನಿ ನೋಡು!' ಅರವತ್ತು ಜನ ಕೇಳಿಸ್ಕೊಂಡ್ರಂತೆ. ನನ್ನ ಬೈಗುಳ ಮೈಸೂರಿನವರೆಗೂ ಹೋಯ್ತು! ಮೇಡಂ ಪಾಠ ನಿಲ್ಲಿಸಿ, 'ಯಾರ್ರೀ ಅದು, ಮೈಕ್ ಮುಚ್ಚಿ!' ಅಂತ ಕೂಗಿದ್ರು. ಓಬ, 'ಅದು ಮಿಲ್ಲಿನಕ್ಕ ಮೇಡಂ, ಅವರನ್ನ ಮುಚ್ಚೋಕಾಗಲ್ಲ' ಅಂದ.

ಸಣ್ಣತಾಯಿ ಹಣೆ ಚಚ್ಕೊಂಡ್ಲು. 'ಅಯ್ಯೋ ನನ್ನ ಕರ್ಮವೇ! ಪಾಠ ನಡೆಯುವಾಗ ಮೈಕು ಮುಚ್ಬೇಕು ಕಣೋ. ತುಟಿ ಎರಡೂ ಸೇರಿಸಿ ಹೊಲಿದಂಗಿರ್ಬೇಕು. ಯಾರು ಏನೇ ಕೇಳಲಿ, ಉಸಿರೆತ್ತಬೇಡ!'

'ಆಗ್ಲವ್ವಾ, ಹಂಗೇ ಮಾಡ್ತೀನಿ' ಅಂದ. ಹಂಗೇ ಮಾಡ್ದ.

ಮಾರನೇ ದಿನ ಗುಂಪಿನೋರೆಲ್ಲ ಮುಖ ಪರಿಚಯ ಮಾಡ್ಕೊಳ್ಳೋ ದಿನ. ಹೊಸದುರ್ಗದ ಜಬೀನಾ, ಇಬ್ಬರು ಹೆಣ್ಣುಮಕ್ಕಳ ತಾಯಿ. ಕೊಪ್ಪಳದ ಕಡೆಯ ಶರಣಮ್ಮ, ವಯಸ್ಸಾದೋಳು. ಚಿಂತಾಮಣಿಯ ವೆಂಕಟಾಚಲ, ಟೈಲರ್ ಅಂಗಡೀಲಿ ಗುಂಡಿ ಹಾಕೋನು. ಮೂರೂ ಜನ ಹೆಸರು ಹೇಳಿದ್ರು, ಊರು ಹೇಳಿದ್ರು. ಆಮೇಲೆ ಜಬೀನಾ, 'ಓಬಳೇಶಣ್ಣ, ನಿಮಗೆ ಏನು ಹೊಲಿಯೋಕೆ ಬರುತ್ತೆ?' ಅಂತ ಕೇಳಿದ್ಲು.

ಓಬ ತುಟಿ ಸೇರಿಸಿ ಕೂತ.

'ಕಾಲರ್ ಬರುತ್ತಾ ಅಣ್ಣ?'

ಕೂತ.

'ತೋಳು?'

ಕೂತೇ ಕೂತ. ಶರಣಮ್ಮ ಅಂದ್ಲು: 'ಯವ್ವಾ, ಇದೇನು ಮನಶ್ಯಾ ಐತೋ, ಫೋಟೋ ಐತೋ?' ಅಷ್ಟರಲ್ಲಿ ಓಬನ ಮೂಗಿನ ಮೇಲೆ ನೊಣ ಕೂತ್ಕೊಂತು. ಕಣ್ಣು ಬಡಿದ. 'ಇಲ್ಲ ಇಲ್ಲ, ಜೀವ ಐತಿ!' ಅಂದ್ಲು. ಫೋನು ಕೆಟ್ಟಿರಬೇಕು ಅಂತ ವೆಂಕಟಾಚಲ ಬೇರೆಯಾಗಿ ಫೋನ್ ಮಾಡ್ದ. ಓಬ ಎತ್ತಿ ಕಿವಿಗಿಟ್ಕೊಂಡ. ಉಸಿರೆತ್ತಲಿಲ್ಲ. ಹಿಂಗೇ ನಾಲ್ಕು ದಿನ ಆಯ್ತು. ಗುಂಪಲ್ಲಿ ಒಬ್ಬ ಬಾಯೇ ಬಿಡಲ್ಲ ಅಂತ ಮೇಡಂಗೆ ಗೊತ್ತಾಯ್ತು. ಬಿತ್ತು ಮೊದಲನೇ ಎಚ್ಚರಿಕೆ.

ಸಣ್ಣತಾಯಿ ಮೆಟ್ಟಿಲ ಮೇಲೆ ಕುಸಿದು ಕೂತ್ಲು. 'ಪಾಠ ಬೇರೆ, ಗುಂಪು ಬೇರೆ ಕಣೋ! ಜೊತೆಯೋರು ಏನಾದ್ರೂ ಹೇಳಿದ್ರೆ ತಕ್ಷಣ ಉತ್ತರ ಕೊಡ್ಬೇಕು. ಹೆಬ್ಬೆಟ್ಟು ಎತ್ತಿರೋ ಬೊಂಬೆ ಇರುತ್ತಲ್ಲ ಫೋನಲ್ಲಿ, ಅದನ್ನ ಒತ್ತು. "ಬಹಳ ಸಂತೋಷ, ಹೀಗೇ ಮುಂದುವರಿಸಿ" ಅಂತ ಬರಿ. ಅವರಿಗೂ ಹುರುಪು ಬರುತ್ತೆ.'

'ಆಗ್ಲವ್ವಾ, ಹಂಗೇ ಮಾಡ್ತೀನಿ' ಅಂದ. ಹಂಗೇ ಮಾಡ್ದ.

ಅಬ್ಬಬ್ಬಾ, ಒಂದು ವಾರ ಎಷ್ಟು ಚೆನ್ನಾಗಿ ನಡೀತು ಅಂತೀರಾ! ಜಬೀನಾ ಗುಂಡಿ ತೂರಿಸೋ ಕಾಜಾ ಮಾಡಿ ಫೋಟೋ ಹಾಕಿದ್ಲು. 'ಬಹಳ ಸಂತೋಷ, ಹೀಗೇ ಮುಂದುವರಿಸಿ.' ಶರಣಮ್ಮ ಬಟ್ಟೆ ಕತ್ತರಿಸಿ ಫೋಟೋ ಹಾಕಿದ್ಲು. 'ಬಹಳ ಸಂತೋಷ, ಹೀಗೇ ಮುಂದುವರಿಸಿ.' ಓಬಳೇಶಣ್ಣ ಬಂಗಾರದಂಥ ಮನುಷ್ಯ ಅಂತ ಅವರವರೇ ಮಾತಾಡ್ಕೊಂಡ್ರಂತೆ. ಸಣ್ಣತಾಯಿ ಅವತ್ತು ನನಗೆ ಎರಡು ಹೋಳಿಗೆ ತಂದುಕೊಟ್ಲು.

ಸೋಮವಾರ ಬೆಳಿಗ್ಗೆ ವೆಂಕಟಾಚಲ ಬರೆದ: 'ನಮ್ಮ ಮಾವ ಇಂದು ಬೆಳಿಗ್ಗೆ ತೀರಿಕೊಂಡರು. ಮೂರು ದಿನ ನಾನು ಬರುವುದಿಲ್ಲ.'

ಓಬ ಹೆಬ್ಬೆಟ್ಟು ಒತ್ತಿದ. 'ಬಹಳ ಸಂತೋಷ, ಹೀಗೇ ಮುಂದುವರಿಸಿ.'

ನಗ್ತೀರಾ? ನಗಿ ನಗಿ. ಹೆಣ ಇನ್ನೂ ಅಂಗಳದಲ್ಲಿತ್ತಂತೆ. ಫೋನು ವೆಂಕಟಾಚಲನ ಹೆಂಡ್ತಿ ಕೈಲಿತ್ತಂತೆ. ಸತ್ತೋನು ಅವಳ ಅಪ್ಪ. ಆ ಹೆಣ್ಣುಮಗಳು ಓಬನಿಗೆ ಫೋನ್ ಮಾಡಿ ಬೈದ ಬೈಗುಳ, ನಾನೇ ಇಪ್ಪತ್ತೆರಡು ವರ್ಷದಲ್ಲಿ ಬೈದಿಲ್ಲ. ಓಬ ಕೊನೆವರೆಗೂ ಕೇಳಿ, ಅವಳಿಗೂ ಹೆಬ್ಬೆಟ್ಟು ಕಳಿಸ್ದ.

ಸಣ್ಣತಾಯಿ ಅವರ ಮನೆಗೆ ಫೋನ್ ಮಾಡಿ ತಪ್ಪಾಯ್ತು ಅಂತ ಅತ್ತು, ಕರೆದು, ಹೆಂಗೋ ಸಮಾಧಾನ ಮಾಡಿದ್ಲು. ಆಮೇಲೆ ಮಗನ ಕಡೆ ತಿರುಗಿದ್ಲು. 'ಸಾವಿನ ಮನೆಗೆ ಸಂತೋಷ ಅಂತೀಯೇನೋ, ಹಾಳಾದೋನೇ! ಇಂಥ ಹೊತ್ತಲ್ಲಿ "ಅಯ್ಯೋ ಪಾಪ" ಅನ್ಬೇಕು. "ನೀವೇನೂ ಯೋಚನೆ ಮಾಡ್ಬೇಡಿ, ನಿಮ್ಮ ಪಾಲಿಂದೂ ನಾನೇ ಮಾಡ್ತೀನಿ" ಅನ್ಬೇಕು. ಅದು ಮನುಷ್ಯತ್ವ!'

'ಆಗ್ಲವ್ವಾ, ಹಂಗೇ ಮಾಡ್ತೀನಿ' ಅಂದ.

ಆ ವಾರ ಜಬೀನಾಳ ಕಾಲರನ್ನ ಮೇಡಂ ಅರವತ್ತು ಜನಕ್ಕೂ ತೋರಿಸಿ ಹೊಗಳಿದ್ರು. ಎಲ್ಲರೂ ಚಪ್ಪಾಳೆ ಕಳಿಸಿದ್ರು. ಓಬ ಒಬ್ಬ ಬರೆದ: 'ಅಯ್ಯೋ ಪಾಪ.'

ಅದು ಹೋಗ್ಲಿ ಅನ್ನಿ. ಆಮೇಲೆ ಬಂತಲ್ಲ ಪರೀಕ್ಷೆ! ಹತ್ತು ಪ್ರಶ್ನೆ. ಮನೇಲೇ ಕೂತು ಕಾಗದದ ಮೇಲೆ ಬರೆದು, ಫೋಟೋ ತೆಗೆದು ಮೇಡಂಗೆ ಕಳಿಸ್ಬೇಕು. ಶರಣಮ್ಮ ಗುಂಪಲ್ಲಿ ಬರೆದ್ಲು: 'ನನಗ ಈ ಅಳತಿ ಲೆಕ್ಕ ಭಾಳ ಕಷ್ಟ ಆಗತೈತಿ.' ಇನ್ನಿಬ್ಬರೂ 'ಕಷ್ಟ, ಕಷ್ಟ' ಅಂದ್ರು. ಓಬ ಬರೆದ: 'ಅಯ್ಯೋ ಪಾಪ. ನೀವೇನೂ ಯೋಚನೆ ಮಾಡ್ಬೇಡಿ, ನಿಮ್ಮ ಪಾಲಿಂದೂ ನಾನೇ ಮಾಡ್ತೀನಿ.' ಅವರು ಅದನ್ನ ಸಮಾಧಾನದ ಮಾತು ಅಂದ್ಕೊಂಡು ಅವರವರ ಪಾಡಿಗೆ ಬರೆಯೋಕೆ ಕೂತ್ರು.

ಇವನು ಇದೇ ಮೆಟ್ಟಿಲ ಮೇಲೆ ಕೂತು ನಾಲ್ಕು ಹಾಳೆ ಬರೆದ. ನಾಲ್ಕಕ್ಕೂ ಬೇರೆ ಬೇರೆ ಹೆಸರು. ಅವರು ಬರೆದು ಮುಗಿಸೋಕೆ ಮುಂಚೆನೇ ಇವನು ನಾಲ್ಕನ್ನೂ ಮೇಡಂಗೆ ಕಳಿಸ್ದ. ಒಂದು ಪ್ರಶ್ನೆ ಇತ್ತಂತೆ: 'ಮಗುವಿನ ಅಳತೆ ಸಿಗದಿದ್ದರೆ ತೋಳಿನ ಉದ್ದವನ್ನು ಹೇಗೆ ತಿಳಿಯುವಿರಿ?' ಓಬ ಬರೆದಿದ್ದ: 'ಅವ್ವನ್ನ ಕೇಳಬೇಕು.' ಶರಣಮ್ಮನ ಹಾಳೆಯಲ್ಲೂ 'ಅವ್ವನ್ನ ಕೇಳಬೇಕು.' ವೆಂಕಟಾಚಲನ ಹಾಳೆಯಲ್ಲೂ ಅದೇ. ಜಬೀನಾಳದ್ರಲ್ಲೂ ಅದೇ. ಆಮೇಲೆ ಬಂದ ಹಾಳೆಗಳನ್ನ ಮೇಡಂ ನೋಡಲೇ ಇಲ್ಲ, ಕಾಪಿ ಹೊಡೆದಿದ್ದೀರಾ ಅಂತ ನಾಲ್ಕು ಜನಕ್ಕೂ ಸೊನ್ನೆ ಕೊಟ್ರು. ಎರಡನೇ ಎಚ್ಚರಿಕೆ.

ಅವತ್ತು ಜಬೀನಾ ಫೋನ್ ಮಾಡಿದ್ಲು. ಬೈಲಿಲ್ಲ ಕಣ್ರಮ್ಮ, ಅತ್ಲು. 'ಅಣ್ಣ, ಬೆಳಿಗ್ಗೆ ಎದ್ದು ಅಡುಗೆ ಮಾಡಿ, ಮಕ್ಕಳನ್ನ ಇಸ್ಕೂಲಿಗೆ ಕಳಿಸಿ, ಅತ್ತೆ ಕೈಲಿ ಬೈಸ್ಕೊಂಡು ಕಲೀತಿದ್ದೀನಿ. ಇದೊಂದು ಕೆಲಸ ಸಿಕ್ಕಿದ್ರೆ ನನ್ನ ಕಾಲ ಮೇಲೆ ನಿಲ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ನಮಗೆ ಏನೂ ಸಹಾಯ ಮಾಡ್ಬೇಡಿ!'

ಸಣ್ಣತಾಯಿ ಕೇಳಿಸ್ಕೊಂಡ್ಲು. ಅವಳ ಮಗನ ಜೊತೆ ಇನ್ನೊಬ್ಬ ತಾಯಿಯ ಬದುಕೂ ಮುಳುಗ್ತಿದೆ ಅಂತ ಅವಳಿಗೆ ಅವತ್ತೇ ತಟ್ಟಿದ್ದು. ಕೂಗೋಕೆ ಶಕ್ತಿ ಇರಲಿಲ್ಲ. ಸಣ್ಣ ಗಂಟಲಲ್ಲೇ ಹೇಳಿದ್ಲು: 'ನೋಡಪ್ಪಾ. ಅವರವರದ್ದು ಅವರವರು ಮಾಡ್ಲಿ. ನಿಂದು ನೀನು ಮಾಡು. ಮಾಡಿದ್ದನ್ನ ಕೈಯಡ್ಡ ಇಟ್ಟು ಮುಚ್ಚಿಟ್ಕೋ. ಯಾರಿಗೂ ತೋರಿಸ್ಬೇಡ, ಯಾರಿಗೂ ಕೊಡ್ಬೇಡ. ತಿಳೀತಾ?'

'ತಿಳೀತವ್ವಾ, ಹಂಗೇ ಮಾಡ್ತೀನಿ.'

ಮುಂದೇನಾಯ್ತು ಅಂತ ನೀವೇ ಹೇಳ್ತೀರಾ? ಹೇಳ್ಬೇಡಿ, ನಾನೇ ಹೇಳ್ತೀನಿ.

ಕೊನೇ ಪರೀಕ್ಷೆ ಬಂತು. ಗುಂಪಿಗೊಂದು ಇಸ್ಕೂಲು ಅಂಗಿ. ನಾಲ್ಕು ಊರಿನ ನಾಲ್ಕು ಜನ ಸೇರಿ ಒಂದೇ ಅಂಗಿ ಹೊಲೀಬೇಕು! ಬಟ್ಟೆ ತುಂಡುಗಳು ಬಸ್ಸಲ್ಲಿ ಓಡಾಡ್ಬೇಕು. ಶರಣಮ್ಮ ಕೊಪ್ಪಳದಲ್ಲಿ ಬಿಳಿ ಬಟ್ಟೆ ಕತ್ತರಿಸಿ ಅವರವರ ಪಾಲು ಅವರವರಿಗೆ ಪಾರ್ಸಲ್ ಹಾಕಿದ್ಲು. ವೆಂಕಟಾಚಲ ಎದೆ ಬೆನ್ನು ಜೋಡಿಸಿ ಹೊಸದುರ್ಗಕ್ಕೆ ಕಳಿಸ್ದ. ಜಬೀನಾ ಕಾಲರ್ ಇಟ್ಟು, ಕಾಜಾ ಮಾಡಿ, ಗುಂಡಿ ಹಾಕಿ ಕಾದು ಕೂತ್ಲು. ಬರಬೇಕಾದ್ದು ತೋಳು. ತೋಳು ಓಬನ ಪಾಲು.

ಓಬ ಹೊಲಿದ. ನಾನು ಕಣ್ಣಾರೆ ನೋಡಿದ್ದೀನಿ. ತೋಳಿನ ತುದಿ ಮಡಚಿ ಹೊಡೆದ ಹೊಲಿಗೆ, ಗೆರೆ ಎಳೆದಂಗಿತ್ತು. ಸಣ್ಣತಾಯಿ ಕಣ್ಣಿಗೆ ಕಾಣಲಿಲ್ಲ, ಹೆಬ್ಬೆರಳಿಂದ ಹೊಲಿಗೆ ಮೇಲೆ ಸವರ್ಕೊಂಡು ಹೋದ್ಲು. ಈ ತುದಿಯಿಂದ ಆ ತುದಿ. ಮತ್ತೆ ಆ ತುದಿಯಿಂದ ಈ ತುದಿ. 'ನೀನೇ ಹೊಲಿದ್ಯಾ?' ಅಂದ್ಲು. 'ಹೂಂ ಕಣವ್ವಾ.' 'ಜೊತೆಯೋರು ಕಾಯ್ತಿರ್ತಾರೆ ಪಾಪ' ಅಂದ್ಲು. ಕಳಿಸ್ತಾನೆ ಅಂತ ನಂಬಿ ಎದ್ದು ಹೋದ್ಲು. ಮೊದಲು ಹೇಳಿದ ಬುದ್ಧಿ ಇನ್ನೂ ಅವನ ತಲೇಲಿ ಗಟ್ಟಿಯಾಗಿ ಕೂತಿದೆ ಅಂತ ಆ ಬಡಪಾಯಿಗೆ ಹೆಂಗೆ ಗೊತ್ತಾಗ್ಬೇಕು?

ಓಬ ತೋಳೆರಡನ್ನೂ ಅಕ್ಕಿ ಡಬ್ಬದಲ್ಲಿ ಹೂತಿಟ್ಟ.

ಜಬೀನಾ ಫೋನ್ ಮಾಡಿದ್ಲು. 'ಅಣ್ಣ, ತೋಳು ಆಯ್ತಾ?'

'ಆಯ್ತು.'

'ಎಲ್ಲಿ, ತೋರಿಸಿ?'

'ತೋರಿಸಲ್ಲ.' ಕ್ಯಾಮರಾಕ್ಕೆ ಅಂಗೈ ಅಡ್ಡ ಇಟ್ಟ.

'ಹೋಗ್ಲಿ, ಬಸ್ಸಿಗೆ ಹಾಕಿ ಅಣ್ಣ.'

'ಕೊಡಲ್ಲ.'

'ಯಾಕಣ್ಣ?'

'ಅವ್ವ ಕೊಡ್ಬೇಡ ಅಂದವ್ಳೆ.'

ಶುಕ್ರವಾರ ಸಂಜೆ ಐದಕ್ಕೆ ಅಂಗಿಯ ಫೋಟೋ ಮೇಡಂಗೆ ಹೋಗ್ಬೇಕು. ಇಲ್ಲಾಂದ್ರೆ ಮೂರನೇ ಎಚ್ಚರಿಕೆ. ಅಂದ್ರೆ ನಾಲ್ಕೂ ಜನ ಹೊರಗೆ. ಮಂಗಳವಾರ ಕೇಳಿದ್ರು, ಕೊಡಲಿಲ್ಲ. ಬುಧವಾರ ಶರಣಮ್ಮ ಬೈದ್ಲು, ಕೊಡಲಿಲ್ಲ. ಗುರುವಾರ ವೆಂಕಟಾಚಲ, 'ಮಾವನ ವಿಷ್ಯ ಮರೆತುಬಿಟ್ಟಿದ್ದೀನಪ್ಪಾ, ದಮ್ಮಯ್ಯ ಕೊಡು' ಅಂತ ಬೇಡ್ಕೊಂಡ, ಆಗ್ಲೂ ಕೊಡಲಿಲ್ಲ. ಆ ವಾರ ಮಿಲ್ಲಿನ ಗದ್ದಲದಲ್ಲಿ ಇದು ನನಗೂ ಕೇಳಿಸಲಿಲ್ಲ, ಸಣ್ಣತಾಯಿಗೂ ಗೊತ್ತಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಇದೇ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತ್ಲು. ಬೆವರು ಸುರೀತಿತ್ತು, ಬಗಲಲ್ಲೊಂದು ಕೈಚೀಲ. 'ಓಬಳೇಶಣ್ಣನ ಮನೆ ಇಲ್ಲೇನಾ ಅಕ್ಕ?' ಅಂದ್ಲು. ಚೀಲದಿಂದ ತೋಳಿಲ್ಲದ ಬಿಳಿ ಅಂಗಿ ತೆಗೆದು ತೋರಿಸಿದ್ಲು. ಅತ್ತೆಗೆ ಏನೋ ಸುಳ್ಳು ಹೇಳಿ, ಎರಡು ಬಸ್ಸು ಹತ್ತಿ, ಜಬೀನಾ ತಾನೇ ಬಂದಿದ್ಲು!

ಮಿಲ್ಲು ನಿಲ್ಲಿಸ್ದೆ ನಾನು. ಸಾಲಲ್ಲಿ ನಿಂತೋರು ಬೈದ್ರು, ಬೈಕೊಳ್ಳಿ ಅಂದೆ. ಅವಳನ್ನ ಕರ್ಕೊಂಡು ಹಿಂದಕ್ಕೆ ಓಡ್ದೆ. ಸಣ್ಣತಾಯಿ ವಿಷಯ ಕೇಳಿ ಬಿಳಿಚಿಕೊಂಡ್ಲು. 'ಎಲ್ಲೋ ತೋಳು?' ಅಂದ್ಲು.

'ತೋರಿಸಲ್ಲ. ನೀನೇ ಹೇಳಿದ್ದಲ್ವಾ?'

ಆಗ ಆ ತಾಯಿ ಏನು ಮಾಡಿದ್ಲು ಗೊತ್ತಾ? ಹೊಡೀಲಿಲ್ಲ. ನೆಲದ ಮೇಲೆ ಕೂತು ಎರಡೂ ಕೈ ಮಡಿಲಲ್ಲಿ ಇಟ್ಕೊಂಡ್ಲು. 'ನನಗೆ ಸಾಕಾಗಿದೆ ಕಣೋ' ಅಂತ ಅಳೋಕೆ ಶುರು ಮಾಡಿದ್ಲು. 'ಹೇಳಿ ಹೇಳಿ ಸಾಕಾಗಿದೆ. ನಾನು ಒಂದು ಹೇಳಿದ್ರೆ ನೀನು ಅದನ್ನೇ ಹಿಡ್ಕೋತೀಯ. ಬಿಡು ಅಂದ್ರೆ ಬಿಡೋದನ್ನೇ ಹಿಡ್ಕೋತೀಯ. ನನ್ನ ಕಣ್ಣು ಹೋಗ್ತಿದೆ. ಇನ್ನೆಷ್ಟು ದಿನ ಹೇಳ್ಕೊಡ್ಲಿ ನಾನು?'

ಓಬ ನೋಡ್ತಾ ನಿಂತ. ಅವ್ವ ಅಳೋದು ಅವನಿಗೆ ಆಗಿಬರಲ್ಲ. 'ಯಾರಿಗೂ ಕೊಡ್ಬೇಡ ಅಂದೆ. ನಿನಗೆ ಕೊಟ್ರೆ ಪರ್ವಾಗಿಲ್ವಾ ಅವ್ವಾ?' ಅಂದ. ಅಕ್ಕಿ ಡಬ್ಬದಿಂದ ತೋಳು ತೆಗೆದು, ಕೊಡವಿ, ಅವಳ ಕೈಗಿಟ್ಟ.

ಆಮೇಲೆ ನೋಡಿ, ಆ ಮನೆಯ ತುಳಿಯೋ ಮಿಷನ್ನ ನನ್ನ ಮೆಟ್ಟಿಲ ಹತ್ರ ಎತ್ತಿ ತಂದು, ಒಂದು ಗಂಟೇಲಿ ತೋಳು ಕೂಡಿಸಿದ್ರು. ಓಬ ಹೊಲೀತಿದ್ದ, ಜಬೀನಾ ಬಟ್ಟೆ ಹಿಡ್ದಿದ್ಲು, ಫೋನಲ್ಲಿ ಶರಣಮ್ಮ 'ಸಾವಕಾಶ, ಸಾವಕಾಶ' ಅಂತಿದ್ಲು, ವೆಂಕಟಾಚಲ 'ಬಗಲ ಹತ್ರ ಎಳೀಬೇಡ' ಅಂತಿದ್ದ. ಐದಕ್ಕೆ ಹತ್ತು ನಿಮಿಷ ಇರುವಾಗ ನನ್ನ ಮೆಟ್ಟಿಲ ಮೇಲಿಂದ ಫೋಟೋ ಹೋಯ್ತು. ತೋಳಿನ ಮಡಿಕೆಯಲ್ಲಿ ಎರಡು ಅಕ್ಕಿಕಾಳು ಇದ್ವು, ಅದು ಫೋಟೋದಲ್ಲಿ ಕಾಣಲಿಲ್ಲ ಬಿಡಿ. ಪಾಸು! ನಾಲ್ಕೂ ಜನ ಪಾಸು! ಜಬೀನಾ ಸಣ್ಣತಾಯಿನ ತಬ್ಬಿಕೊಂಡು ಅತ್ಲು. ನಾನು ಹಿಟ್ಟಿನ ಧೂಳಿಗೆ ಕಣ್ಣು ಉರೀತು ಅಂತ ಮುಖ ತಿರುಗಿಸ್ದೆ.

ಜಬೀನಾ ಬಸ್ಸಿಗೆ ಹೊರಡೋಕೆ ಮುಂಚೆ ಸಣ್ಣತಾಯಿ ಅವಳ ಎದುರಿಗೇ ಮಗನಿಗೆ ಹೇಳಿದ್ಲು: 'ಕೇಳೋ. ಗುಂಪಿಂದು ಅಂದ್ರೆ ಎಲ್ಲರದ್ದು. ಇನ್ಮೇಲೆ ಏನೇ ಬಂದ್ರೂ ಬಚ್ಚಿಡಬೇಡ. ಸಮವಾಗಿ ಪಾಲು ಮಾಡಿ, ಅವರವರ ಪಾಲು ಅವರವರಿಗೆ ಕಳಿಸು.'

'ಆಗ್ಲವ್ವಾ, ಹಂಗೇ ಮಾಡ್ತೀನಿ.'

ನಾನು ಅಲ್ಲೇ ಇದ್ದೆ. ಇನ್ನೊಂದು ಬುದ್ಧಿ ಇವನ ಕೈಗೆ ಸಿಕ್ತಲ್ಲಪ್ಪಾ ಅಂದ್ಕೊಂಡೆ. ಆದ್ರೆ ಏನು ಪಾಲು ಮಾಡ್ತಾನೆ, ಎಲ್ಲ ಮುಗೀತಲ್ಲ ಅಂದ್ಕೊಂಡು ಸುಮ್ನಾದೆ.

ಹತ್ತು ದಿನಕ್ಕೆ ಸರ್ಟಿಫಿಕೇಟು ಬಂತು. ಗುಂಪಿಗೆ ಒಂದು, ನಾಲ್ಕು ಜನರ ಹೆಸರೂ ಅದರಲ್ಲೇ. ಮೇಡಂ ಅದನ್ನ ಫೋನಿಗೆ ಕಳಿಸಿದ್ರು. ಸಣ್ಣತಾಯಿ ಜೆರಾಕ್ಸ್ ಅಂಗಡೀಲಿ ದಪ್ಪ ಹಾಳೆ ಮೇಲೆ ತೆಗೆಸ್ಕೊಂಡು ಬಂದ್ಲು. ಅಂಚಿಗೆಲ್ಲ ಹೂವು, ಕೆಳಗೆ ಮೊಹರು. ಸೋಮವಾರ ಕೇಂದ್ರಕ್ಕೆ ಅದನ್ನ ತಗೊಂಡು ಹೋದ್ರೆ ಕುರ್ಚಿ ಓಬಂದು. ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ಲು.

ಅವಳು ಅತ್ತ ತರಕಾರಿಗೆ ಹೋದ್ಲು. ಇತ್ತ ಓಬ ಟೇಪು ತಗೊಂಡ, ಅಳತೆ ಮಾಡ್ದ. ಚಾಕ್ ತಗೊಂಡ, ಗೆರೆ ಎಳೆದ. ಕತ್ತರಿ ತಗೊಂಡ, ನಾಲ್ಕು ತುಂಡು ಮಾಡ್ದ. ಒಂದು ಎಳೆಯೂ ಹೆಚ್ಚುಕಮ್ಮಿ ಇಲ್ಲ! ಹೆಸರಿರೋ ಎರಡು ತುಂಡು ಜಬೀನಾಗೂ ಶರಣಮ್ಮಂಗೂ. ಮೊಹರು ಇರೋದು ವೆಂಕಟಾಚಲನಿಗೆ, ಪಾಪ ಮಾವ ಸತ್ತಿದ್ದಾನೆ ಅಂತ. ಮೂರನ್ನೂ ಬಸ್ಸಿಗೆ ಹಾಕಿ ಬಂದ. ಸಣ್ಣತಾಯಿ ಬಂದು ದೇವರ ಗೂಡಲ್ಲಿ ಕೈ ಆಡಿಸಿದ್ಲು. ಸಿಕ್ಕಿದ್ದು ಒಂದು ಮೂಲೆ ಚೂರು. ನನ್ನ ಹತ್ರ ತಂದು, 'ಇದರಲ್ಲಿ ಏನು ಬರೆದಿದೆ ನೋಡಕ್ಕ, ನನಗೆ ಕಾಣ್ತಿಲ್ಲ' ಅಂದ್ಲು.

ಏನೂ ಬರೆದಿರಲಿಲ್ಲ. ಬರೀ ಹೂವಿತ್ತು.

ಹೇಳಲೇಬೇಕಾಯ್ತು. ಹೇಳ್ದೆ. ಇಬ್ಬರೂ ಈ ಜೋಳದ ಮೂಟೆ ಮೇಲೆ ಕೂತು ಅರ್ಧ ದಿನ ಅತ್ವಿ. ಸಂಜೆ ಶರಣಮ್ಮನ ಫೋನು: 'ಯವ್ವಾ, ಬಸ್ಸಿನ್ಯಾಗ ಒಂದು ತುಂಡು ಕಾಗದ ಬಂದೈತಿ, ಇದೇನು ಪ್ರಸಾದೇನು?' ವಿಷಯ ಕೇಳಿ ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು. 'ಹುಚ್ಚವ್ವ, ಅದು ಫೋನಿನ್ಯಾಗ ಹಂಗ ಐತಲ್ಲ! ಇನ್ನೊಂದು ತೆಗಸು!' ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ ನೋಡಿ. ಓಬನ್ನ ಪೆದ್ದ ಅಂತೀವಿ.

ಇನ್ನೊಂದು ತೆಗೆಸಿದ್ರು. ಸಣ್ಣತಾಯಿ ಅದನ್ನ ಸೆರಗಲ್ಲಿ ಕಟ್ಕೊಂಡು ಮಗನಿಗೆ ಹೇಳಿದ್ಲು. ಅವತ್ತು ಎಲ್ಲಿತ್ತೋ ಶಕ್ತಿ, ಬೀದಿಗೆಲ್ಲ ಕೇಳೋ ಹಂಗೆ ಕೂಗಿದ್ಲು: 'ಇನ್ಮೇಲೆ ಮನೇಲಿ ಕತ್ತರಿ ಮುಟ್ಟಬೇಡ! ಯಾವುದನ್ನೂ ಕತ್ತರಿಸಿ ಬೇರೆ ಬೇರೆ ಮಾಡ್ಬೇಡ! ಎಲ್ಲ ಒಟ್ಟಿಗೇ ಇರ್ಲಿ!'

'ಆಗ್ಲವ್ವಾ, ಹಂಗೇ ಮಾಡ್ತೀನಿ.'

ಹೋ, ಬಂತಲ್ಲ ಕರೆಂಟು! ಏಳ್ಬೇಡಿ ಏಳ್ಬೇಡಿ, ಇನ್ನೊಂಚೂರಿದೆ. ಮುಗಿಸದೆ ಮಿಷನ್ ಹಾಕಲ್ಲ ನಾನು.

ಸೋಮವಾರ ಓಬ ಕೆಲಸಕ್ಕೆ ಹೊರಟ. ತಲೆಗೆ ಎಣ್ಣೆ, ಕೈಲಿ ಬುತ್ತಿ, ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟ ಸರ್ಟಿಫಿಕೇಟು. ಸಣ್ಣತಾಯಿಗೆ ಅವತ್ತು ಮದುವೆ ಮನೆಯೋರ ಹನ್ನೊಂದು ಸೀರೆ ಇತ್ತು, ಅಷ್ಟಕ್ಕೂ ಫಾಲು ಹಾಕ್ಬೇಕು. ಸಂಜೆವರೆಗೂ ಒಬ್ಬಳೇ. 'ಸೂಜಿಗೆಲ್ಲ ದಾರ ಹಾಕಿಟ್ಟು ಹೋಗಪ್ಪಾ, ಒಂದನ್ನೂ ಬಿಡ್ಬೇಡ' ಅಂದಿದ್ಲು. ಹಾಕಿಟ್ಟು ಹೋಗಿದ್ದ.

ಒಂಬತ್ತು ಗಂಟೆಗೆ ಬಂದ್ಲು ಇಲ್ಲಿಗೆ. ಕೈ ಮೇಲಕ್ಕೆ ಎತ್ಕೊಂಡಿದ್ಲು. 'ಇದೇನು ನೋಡಕ್ಕ, ಒಂದು ಎಳೆದ್ರೆ ಎಲ್ಲ ಬರ್ತಾವೆ' ಅಂದ್ಲು. ನೋಡ್ದೆ. ಹನ್ನೆರಡೂ ಸೂಜಿಯನ್ನ ಒಂದೇ ದಾರಕ್ಕೆ ಪೋಣಿಸಿದ್ದ! ದಾರ ಎಲ್ಲೂ ಕತ್ತರಿಸಿಲ್ಲ. ದಾರದುಂಡೆ ಅವಳ ಮನೆಯಿಂದ ನನ್ನ ಮೆಟ್ಟಿಲವರೆಗೂ ಉರುಳ್ಕೊಂಡು ಬಂದಿತ್ತು.

ಬೈಯೋಕೆ ಬಾಯಿ ತೆಗೆದ್ಲು. ಮಗ ಎದುರಿಗಿರಲಿಲ್ಲ. ಕೆಲಸಕ್ಕೆ ಹೋಗಿದ್ದ. ತೆಗೆದ ಬಾಯಿ ಮುಚ್ಕೊಂಡು ಸೂಜಿಗಳನ್ನ ನನ್ನ ಕೈಗಿಟ್ಲು. ನಾನು ಸೂಜಿಗಳನ್ನ ಒಂದೊಂದು ಮಾರು ದೂರ ಸರಿಸ್ದೆ, ನಡುವೆ ನಡುವೆ ದಾರ ಕತ್ತರಿಸ್ದೆ. ಹನ್ನೆರಡು ಸೂಜಿಗೂ ದಾರ ಇತ್ತು. ಹನ್ನೊಂದು ಸೀರೆಯೂ ಆಯ್ತು.

ಸಂಜೆ ಓಬ ಬಂದ. ಅರವತ್ತು ತೋಳು ಹೊಲಿದಿದ್ನಂತೆ, ಒಂದೂ ಬಿಚ್ಚಿಸಲಿಲ್ಲವಂತೆ. ಬಟ್ಟೆ ಉಂಡೆ ನೋಡ್ದ. ಸೂಜಿಗಳು ಬೇರೆ ಬೇರೆ ಆಗಿದ್ವು. ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ.

'ಎಷ್ಟು ಸಲ ಹೇಳ್ಬೇಕು ಅವ್ವಾ ನಿನಗೆ? ಮನೇಲಿ ಕತ್ತರಿ ಮುಟ್ಟಬೇಡ ಅಂತ! ಎಲ್ಲ ಒಟ್ಟಿಗೇ ಇರ್ಲಿ ಅಂತ! ಹೇಳಿ ಹೇಳಿ ಸಾಕಾಯ್ತು ನನಗೆ!'

ಸಣ್ಣತಾಯಿ ಮಗನ ಕಡೆ ನೋಡಿದ್ಲು. ಎಷ್ಟು ಕಾಣ್ತೋ ಅಷ್ಟು.

'ಆಗ್ಲಪ್ಪಾ' ಅಂದ್ಲು. 'ಹಂಗೇ ಮಾಡ್ತೀನಿ.'